ನೆತ್ತಿಯಲ್ಲೇ ಬಿಟ್ಟ ಕಣ

ಹೊಸಪೇಟೆ
18 ಜುಲೈ 2024

ಸಿದ್ದಲಿಂಗೇಶ್ ಅವರಿಗೆ, ನಮಸ್ಕಾರ.

ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಒಳ್ಳೆಯದೇ ಆಯಿತು. ಫೋನಿನಲ್ಲಾದರೆ 'ನೋಡೋಣ ಬಿಡ್ರಿ ಮೇಡಂ' ಎಂದು ಇಟ್ಟುಬಿಡುತ್ತೀರಿ. ಕಾಗದ ಒಡೆದವರು ಕೊನೆಯವರೆಗೆ ಓದುತ್ತಾರೆ. ಎಂಎಸ್ಸಿಯಲ್ಲಿ ಎರಡು ವರ್ಷ ಒಂದೇ ತರಗತಿಯಲ್ಲಿ ಕೂತವರು ನಾವು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಈ ಸಲದ ಪರೀಕ್ಷಾ ಮಂಡಳಿಯಲ್ಲಿ ನೀವು ಇದ್ದೀರಿ ಎಂಬ ಕಾರಣಕ್ಕೂ.

ಕಂಪ್ಲಿಯ ನಮ್ಮ ಕಾಲೇಜಿನ ಹೊನ್ನೂರಮ್ಮ ಎಂಬ ಹುಡುಗಿ ಬಿಎಸ್ಸಿ ಕೊನೆಯ ಸೆಮಿಸ್ಟರಿನ ಮೆಕ್ಯಾನಿಕ್ಸ್ ಪೇಪರಿನಲ್ಲಿ ಐದು ಅಂಕ ಸಾಲದೆ ಫೇಲಾಗಿದ್ದಾಳೆ. ಉಳಿದೆಲ್ಲ ಪಾಸು. ತಾಯಿ ಭೀಮವ್ವ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಾಳೆ. ಹುಡುಗಿಗೆ ಬಿ.ಇಡಿ. ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಆಸೆ. ಸೆಪ್ಟೆಂಬರ್ ಐದಕ್ಕೆ ದಾಖಲೆ ಪರಿಶೀಲನೆ. ಅಷ್ಟರೊಳಗೆ ಪಾಸಾದ ಅಂಕಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಸೀಟು ಹೋಗುತ್ತದೆ.

ಅವಳು ಮೇಧಾವಿ ಎಂದು ನಾನು ಹೇಳುವುದಿಲ್ಲ. ಸಾಧಾರಣ ಹುಡುಗಿ, ನಿಧಾನಸ್ಥೆ. ಹೀಗಾಗಿಯೇ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿದಾಗ ನನಗೆ ಆಶ್ಚರ್ಯವಾಯಿತು, ಆಮೇಲೆ ಸಿಟ್ಟು ಬಂತು. ಎಂಟು ಅಂಕದ ಒಂದು ಲೆಕ್ಕಕ್ಕೆ ಸೊನ್ನೆ ಹಾಕಿದ್ದಾರೆ. ಲೆಕ್ಕ ಇದು: ನೆಲಕ್ಕೆ ಬಿಗಿದ ನುಣುಪಾದ ಅರ್ಧಗೋಳ, ತ್ರಿಜ್ಯ ಎರಡೂವರೆ ಮೀಟರ್. ಅದರ ನೆತ್ತಿಯ ಮೇಲಿನ ಕಣವೊಂದನ್ನು ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಅಡ್ಡಕ್ಕೆ ನೂಕಿದೆ. ನೆತ್ತಿಯಿಂದ ಎಷ್ಟು ಕೋನ ಜಾರಿದ ಮೇಲೆ ಅದು ಗೋಳವನ್ನು ಬಿಡುತ್ತದೆ?

ನೂಕದೆ ಸುಮ್ಮನೆ ಬಿಟ್ಟರೆ ನಲವತ್ತೆಂಟು ಡಿಗ್ರಿಯಲ್ಲಿ ಬಿಡುತ್ತದೆ. ಇದು ನಿಮಗೂ ನನಗೂ ಬಾಯಿಪಾಠ. ವಿಶ್ವವಿದ್ಯಾಲಯ ಹೊರಡಿಸಿದ ಮಾದರಿ ಉತ್ತರದಲ್ಲಿ ಏನಿದೆ ಗೊತ್ತೇ? ನೂಕಿದರೆ ಎಪ್ಪತ್ತೊಂಬತ್ತು ಡಿಗ್ರಿಯವರೆಗೆ ಜಾರುತ್ತದಂತೆ! ಜೋರಾಗಿ ನೂಕಿದ್ದಕ್ಕೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುವ ಕಣವನ್ನು ಯಾವ ಲೋಕದಲ್ಲಿ ನೋಡಿದರೋ! ಶಕ್ತಿಯ ಸಮೀಕರಣದಲ್ಲಿ ಕೂಡಿಸಬೇಕಾದಲ್ಲಿ ಕಳೆದಿದ್ದಾರೆ, ಅಷ್ಟೇ. ಸರಿಯಾಗಿ ಮಾಡಿದರೆ ಕೋನದ ಕೊಸೈನ್ ಒಂದನ್ನು ದಾಟುತ್ತದೆ. ಅಂದರೆ ಅಂಥ ಕೋನವೇ ಇಲ್ಲ, ಕಣ ನೆತ್ತಿಯಲ್ಲೇ ಗೋಳ ಬಿಟ್ಟು ಹಾರುತ್ತದೆ.

ಹೊನ್ನೂರಮ್ಮ ಬರೆದದ್ದು ಅದನ್ನೇ. ಕೊಸೈನ್ ಒಂದನ್ನು ದಾಟಿತಲ್ಲ ಎಂದು ಹೆದರಿ ಮೂರು ಸಲ ಹೊಡೆದು ಹಾಕಿ ಮತ್ತೆ ಮಾಡಿದ್ದಾಳೆ. ನಲವತ್ತು ನಿಮಿಷ ಅದರಲ್ಲೇ ಹೋಯಿತಂತೆ. ಕೊನೆಯ ಎರಡು ಪ್ರಶ್ನೆ ಮುಟ್ಟಲೇ ಇಲ್ಲ.

ಈ ಪ್ರಶ್ನೆ ಪತ್ರಿಕೆ ತೆಗೆದ ಮಹಾನುಭಾವ ಯಾರು? ತಾನು ಕೊಟ್ಟ ಲೆಕ್ಕವನ್ನು ಒಮ್ಮೆಯಾದರೂ ಬಿಡಿಸಿ ನೋಡದ ಸೋಮಾರಿ ಯಾರೋ ಎಲ್ಲೋ ಕೂತು ಬರೆದದ್ದಕ್ಕೆ ಇಲ್ಲಿ ಒಬ್ಬಳ ವರ್ಷ ಹೋಗಬೇಕೇ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿದ್ದೇನೆ. ಅದು ನಡೆಯುವ ಮೊದಲು ಮಾದರಿ ಉತ್ತರವನ್ನು ತಿದ್ದಿಸಿರಿ. ಇದು ನಿಮ್ಮಿಂದಾಗುವ ಕೆಲಸ.

ಗಂಗಾಂಬಿಕಾ


ಸಂಡೂರು
29 ಜುಲೈ 2024

ಆತ್ಮೀಯ ಗಂಗಾಂಬಿಕಾ ಮೇಡಂ,

ಪತ್ರ ತಲುಪಿತು. ಮೌಲ್ಯಮಾಪನದ ಗಡಿಬಿಡಿಯಲ್ಲಿ ಫೋನ್ ಎತ್ತಲಾಗಲಿಲ್ಲ, ತಪ್ಪು ತಿಳಿಯಬೇಡಿ. ಇಲ್ಲಿ ಮಳೆ ಚೆನ್ನಾಗಿದೆ. ಗುಡ್ಡಗಳು ಹಸಿರಾಗಿವೆ, ಲಾರಿಗಳ ಕೆಂಪು ಧೂಳು ಸ್ವಲ್ಪ ಅಡಗಿದೆ. ಇತ್ತ ಬಂದರೆ ಮನೆಗೆ ಬನ್ನಿ. ಈಗಲೂ ಬಸ್ಸಿನಲ್ಲಿ ಕವಿತೆ ಓದುತ್ತಾ ನಿಲ್ದಾಣ ಮರೆಯುತ್ತೀರಾ?

ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಕೆಲವು ಮಾತು ಹೇಳಲೇಬೇಕು. ಪ್ರಶ್ನೆ ಪತ್ರಿಕೆ ತೆಗೆದವರ ಹೆಸರು ಗೌಪ್ಯ. ಅವರು ಅನುಭವಸ್ಥರು ಎಂದಷ್ಟೇ ಹೇಳಬಲ್ಲೆ, ಸೋಮಾರಿ ಎಂಬ ಮಾತು ಅವರಿಗೆ ಸಲ್ಲದು. ಲೆಕ್ಕ ಸುಲಭವಾಗಿ ಬಿಡಿಸಲು ಬರಲೆಂದೇ ಆರು ಎಂಬ ಸಂಖ್ಯೆ ಇಟ್ಟದ್ದು. ಅಷ್ಟೂ ಕಾಲೇಜುಗಳಿಂದ ಬಂದ ತಕರಾರು ಇದೊಂದೇ. ಬೇರೆ ಮಕ್ಕಳು ಎಪ್ಪತ್ತೊಂಬತ್ತು ಎಂದೇ ಬರೆದು ಅಂಕ ಪಡೆದಿದ್ದಾರೆ.

ಇನ್ನೊಂದು. ನಿಮ್ಮ ಹುಡುಗಿ ಹೊಡೆದು ಹಾಕಿದ್ದನ್ನು ಬಿಟ್ಟರೆ ಉಳಿದದ್ದು ಎರಡು ಸಾಲು. ಲೆಕ್ಕ ಬಗೆಹರಿಯದವರೂ 'ಹಾರಿಹೋಯಿತು' ಎಂದು ಬರೆಯಬಹುದಲ್ಲವೇ? ಮೌಲ್ಯಮಾಪಕರು ಮಾದರಿ ಉತ್ತರ ನೋಡಿ ಅಂಕ ಕೊಡುತ್ತಾರೆ. ದಿನಕ್ಕೆ ಅಷ್ಟೊಂದು ಪತ್ರಿಕೆ ನೋಡುವವರು ಬೇರೇನು ಮಾಡಲಾದೀತು?

ಮರುಮೌಲ್ಯಮಾಪನದ ಫಲಿತಾಂಶ ಬರಲಿ. ಒಂದು ಚಿಹ್ನೆಗಾಗಿ ಇಷ್ಟು ಮನಸ್ಸು ಕೆಡಿಸಿಕೊಳ್ಳಬೇಡಿ.

ನಿಮ್ಮ
ಸಿದ್ದಲಿಂಗೇಶ್


ಕಂಪ್ಲಿ
4 ಆಗಸ್ಟ್ 2024

ಪ್ರೊಫೆಸರ್ ಸಾಹೇಬರಿಗೆ,

ಆರು ಎಂಬ ಸಂಖ್ಯೆಯನ್ನು ಏಕೆ ಇಟ್ಟರು ಎಂಬುದು ನಿಮಗೆ ಗೊತ್ತಿದೆ. ಅಂದರೆ ಆ ಅನುಭವಸ್ಥರು ನಿಮ್ಮ ಬಳಗದವರು, ಅವರನ್ನು ಬಚ್ಚಿಡುತ್ತಿದ್ದೀರಿ. ಗೆಳೆಯನ ಮಾನ ಒಂದು ತಟ್ಟೆಯಲ್ಲಿ, ಹುಡುಗಿಯ ವರ್ಷ ಇನ್ನೊಂದರಲ್ಲಿ. ತಕ್ಕಡಿ ಎತ್ತ ವಾಲಿತೆಂದು ನೋಡಿದೆ.

'ಲೆಕ್ಕ ಬಗೆಹರಿಯದವರೂ ಬರೆಯಬಹುದು' ಎಂದಿರಿ. ಆ ಎರಡು ಸಾಲು ಇಲ್ಲಿವೆ: 'ನೆತ್ತಿಯಲ್ಲಿ ಗೋಳದ ಮೈ ಹಿಡಿದು ಬಾಗಲು ಈ ವೇಗಕ್ಕೆ ಬೇಕಾದ ವೇಗೋತ್ಕರ್ಷ 14.4. ಗುರುತ್ವ ಕೊಡುವುದು 10. ಆದ್ದರಿಂದ ಕಣ ನೆತ್ತಿಯಲ್ಲೇ ಗೋಳವನ್ನು ಬಿಡುತ್ತದೆ.' ಇದರಲ್ಲಿ ಏನು ಕಡಿಮೆ? ಎರಡು ಸಾಲಾಯಿತು ಎಂಬುದೊಂದೇ ದೋಷವಾದರೆ, ಅದು ನನ್ನ ಕಣ್ಣಿಗೆ ಗುಣ. ಕವಿತೆ ಓದುವವರ ಚಾಳಿ ಎನ್ನಿ ಬೇಕಾದರೆ.

ನಿನ್ನೆ ಹೊನ್ನೂರಮ್ಮ ನನ್ನನ್ನು ಗಿರಣಿಗೆ ಕರೆದುಕೊಂಡು ಹೋದಳು. ಅಟ್ಟದಿಂದ ಚೀಲ ಇಳಿಸುವ ಹಲಗೆಯ ಜಾರು ಇದೆ, ನಡುವೆ ತೊಲೆ ಅಡ್ಡ ಬಂದಲ್ಲಿ ದುಂಡನೆಯ ಉಬ್ಬು. ಗೋಣಿ ಉಜ್ಜಿ ಉಜ್ಜಿ ಅದು ಕನ್ನಡಿಯಾಗಿದೆ. ಭೀಮವ್ವ ದಬ್ಬಳ ಕೆಳಗಿಟ್ಟು ನಕ್ಕಳು.

"ಏ ಅಕ್ಕಾರ, ಇದನ್ನ ನೋಡಾಕ ಹೊಸಪ್ಯಾಟಿಂದ ಬಂದ್ರೇನು? ನನ ಮಗಳು ಫೇಲಾಗಿ ನಿಮಗೂ ಕೆಲಸ ಹಚ್ಚಿದ್ಲು ನೋಡ್ರಿ."

ಹಮಾಲಿ ಪಕ್ಕೀರಪ್ಪ ಮೇಲೆ ನಿಂತಿದ್ದ. ನಾನು ಕೇಳಿದ್ದಕ್ಕೆ ಎರಡು ಚೀಲ ಬಿಟ್ಟು ತೋರಿಸಿದ. ಮೊದಲನೆಯದು ಮೆಲ್ಲಗೆ, ಎರಡನೆಯದು ಕಾಲು ಕೊಟ್ಟು ಜೋರಾಗಿ.

"ಮೆಲ್ಲಕ ಬಿಟ್ರ ಉಬ್ಬಿಗೆ ಹೊಟ್ಟಿ ಹಚ್ಚಿಗೆಂಡು ಇಳೀತೈತ್ರಿ. ಜೋರು ನೂಕಿದ್ರ ಉಬ್ಬಿನ ಆಚಿ ಮಗ್ಗಲು ಮುಟ್ಟಂಗೇ ಇಲ್ಲ, ಅದರ ತುದಿಗೇ ಹಾರ್ತೈತಿ. ಮುಂದ ನಿಂತವನ ಹಲ್ಲು ಕೈಗೆ ಬರ್ತಾವು."

"ಜೋರು ನೂಕಿದ್ರ ಇಲ್ಲೀತನಾ ಅಂಟಿಗೆಂಡು ಬರ್ತೈತಂತ, ಮಾವ," ಎಂದು ಹೊನ್ನೂರಮ್ಮ ಉಬ್ಬಿನ ಬುಡದ ಹತ್ತಿರ ಬೆರಳಿಟ್ಟಳು.

"ಅಲ್ಲೀತನಾ? ಚೀಲಕ್ಕ ಬೆಲ್ಲದ ಪಾಕ ಸವರ್ಯಾರೇನಲೇ? ಯಾರಂದೋರು?"

"ಯೂನಿವರ್ಸಿಟಿಯೋರು."

"ಹಂಗಾರ ಒಮ್ಮಿ ಕರಕಂಡ್ ಬಾ. ಇಲ್ಲೇ ಮುಂದ ನಿಂದ್ರಸೋಣು."

ಗಿರಣಿಗೆ ಗಿರಣಿಯೇ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ.

ನಿರ್ಬಂಧಿತ ಚಲನೆಯ ಮೊದಲ ಪಾಠವನ್ನು ನಿಮಗೆ ನಾನು ಹೇಳಬೇಕಾಗಿ ಬಂದದ್ದು ನಾಚಿಕೆಗೇಡು. ಕಣವನ್ನು ಗೋಳ ಹೊರಕ್ಕೆ ದೂಡಬಲ್ಲದು, ತನ್ನತ್ತ ಎಳೆದುಕೊಳ್ಳಲಾರದು. ಎಳೆಯುವ ಬಲ ಬೇಕೆಂದು ಲೆಕ್ಕ ಕೇಳತೊಡಗಿದ ಕ್ಷಣವೇ ನಿರ್ಬಂಧ ಮುಗಿಯಿತು, ಗೋಳದ ಮಾತು ನಡೆಯುವುದಿಲ್ಲ. ಹಮಾಲಿಗೆ ಕಾಲಿನಿಂದ ಗೊತ್ತಿರುವ ಈ ಸಂಗತಿ ಪರೀಕ್ಷಾ ಮಂಡಳಿಗೆ ಗೊತ್ತಿಲ್ಲ!

ನಿಮ್ಮ ಗೆಳೆಯನ ಹೆಸರು ನನಗೆ ಬೇಕಾಗಿಲ್ಲ. ತಪ್ಪನ್ನು ತಪ್ಪು ಎನ್ನಿಸಿರಿ.

ಗಂಗಾಂಬಿಕಾ


ಸಂಡೂರು
14 ಆಗಸ್ಟ್ 2024

ಗಂಗಾ,

ಈ ಪತ್ರವನ್ನು ಓದಿ ಹರಿದುಹಾಕಿ.

ಮರುಮೌಲ್ಯಮಾಪನದ ಫಲಿತಾಂಶ ನಿನ್ನೆ ಬಂದಿದೆ. 'ಬದಲಾವಣೆ ಇಲ್ಲ.' ಅದೇ ಮಾದರಿ ಉತ್ತರ ಇಟ್ಟುಕೊಂಡು ನೋಡಿದರೆ ಬೇರೇನು ಬಂದೀತು.

ಆ ಪತ್ರಿಕೆ ತೆಗೆದವನು ನಾನು. ಗೆಳೆಯ ಗಿಳೆಯ ಯಾರೂ ಇಲ್ಲ.

ಒಂದು ಹಾಳೆಯ ಜೆರಾಕ್ಸ್ ಒಳಗಿಟ್ಟಿದ್ದೇನೆ. ಅಕ್ಷರ ಗುರುತು ಸಿಗುತ್ತದೆಯೇ? ಫೈನಲ್ ಪರೀಕ್ಷೆಗೆ ಮುಂಚೆ ನಾವೆಲ್ಲ ಹಂಪಿಗೆ ಹೋಗಿದ್ದೆವು. ಹೇಮಕೂಟದ ಮೇಲೆ ಒಂದು ದುಂಡು ಬಂಡೆ ಹತ್ತಿ ಕೂತು ನೀವು ಈ ಲೆಕ್ಕ ಕಟ್ಟಿದಿರಿ. ಎರಡೂವರೆ ಮೀಟರ್, ಆರು ಮೀಟರ್ ವೇಗ, ಎಲ್ಲ ನಿಮ್ಮದೇ. 'ಹಂಪಿ ಗುಂಡಿನ ಲೆಕ್ಕ' ಎಂದು ಹೆಸರೂ ಇಟ್ಟಿರಿ. ಆಮೇಲೆ ನೋಟ್ಸ್ ನನಗೆ ಕೊಟ್ಟಿರಿ, ನಾನು ಹಿಂದಿರುಗಿಸಲಿಲ್ಲ. ಈ ವರ್ಷ ಪತ್ರಿಕೆ ತೆಗೆಯಲು ಕೂತಾಗ ಅದನ್ನೇ ಎತ್ತಿ ಬರೆದೆ. ತರಗತಿಗೇ ಮೊದಲಿಗರಾಗಿದ್ದಿರಿ. ನಿಮ್ಮ ಉತ್ತರವನ್ನು ಮತ್ತೆ ಬಿಡಿಸಿ ನೋಡಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಮೂರನೆಯ ಸಾಲು ನೋಡಿ. ಕಳೆಯುವ ಚಿಹ್ನೆ ನಿಮ್ಮ ಕೈಯದು.

ಬೈಯಲು ಇದನ್ನು ಕಳಿಸುತ್ತಿಲ್ಲ. ಇದು ಹೊರಬಿದ್ದರೆ ಇಬ್ಬರ ಹೆಸರೂ ಬೀದಿಗೆ ಬರುತ್ತದೆ ಎಂದಷ್ಟೇ. ಮುಂದಿನ ತಿಂಗಳು ನನ್ನನ್ನು ಮಂಡಳಿಯ ಅಧ್ಯಕ್ಷನನ್ನಾಗಿ ಮಾಡುವ ಮಾತಿದೆ. ಸುಮ್ಮನಿರೋಣ. ಮರು ಪರೀಕ್ಷೆಗೆ ಆ ಹುಡುಗಿಗೆ ನಾನೇ ಪಾಠ ಹೇಳಿ ಪಾಸು ಮಾಡಿಸುತ್ತೇನೆ. ಒಂದು ವರ್ಷ ಏನು ದೊಡ್ಡದು?

ಸಿದ್ದು


ಹೊಸಪೇಟೆ
24 ಆಗಸ್ಟ್ 2024

ಸಿದ್ದಲಿಂಗೇಶ್,

ನಿಮ್ಮ ಪತ್ರವನ್ನು ಹರಿಯಲಿಲ್ಲ.

ಅಕ್ಷರ ನನ್ನದೇ. ಮೂರನೆಯ ಸಾಲಿನ ಚಿಹ್ನೆಯೂ ನನ್ನದೇ. ಮೊದಲ ಪತ್ರದಲ್ಲಿ ಸೋಮಾರಿ ಎಂದೆನಲ್ಲ, ಅದರಲ್ಲಿ ನನ್ನ ಪಾಲು ಎಷ್ಟೋ ಅಷ್ಟನ್ನು ತೆಗೆದುಕೊಂಡೆ. ನಿಮಗೆ ಹೇಳದ ಇನ್ನೊಂದು ಸಂಗತಿ ಇದೆ. ಅದನ್ನು ಹೇಳದೆ ಬೈಯಲು ನನಗೆ ಬಾಯಿಲ್ಲ.

ಪರೀಕ್ಷೆ ಮುಗಿದ ಮಧ್ಯಾಹ್ನ ಹೊನ್ನೂರಮ್ಮ ವರಾಂಡದಲ್ಲಿ ನನ್ನನ್ನು ಅಡ್ಡಗಟ್ಟಿದ್ದಳು. "ಮೇಡಂ, ಕಾಸ್ ಒಂದಕ್ಕಿಂತ ಜಾಸ್ತಿ ಬಂತ್ರಿ. ಹಂಗ ಬರಬೋದೇನ್ರಿ?" ಎಂದಳು. ಪ್ರಶ್ನೆ ಪತ್ರಿಕೆ ಕೈಯಲ್ಲೇ ಹಿಡಿದಿದ್ದಳು. ನನಗೆ ಬಸ್ಸಿನ ಅವಸರ. "ಬರಾಂಗಿಲ್ಲ. ನೀನ ಎಲ್ಲೋ ತಪ್ಪಿರ್ತೀ," ಎಂದು ನಡೆದುಬಿಟ್ಟೆ. ಪತ್ರಿಕೆಯತ್ತ ಕಣ್ಣು ಕೂಡ ಹಾಯಿಸಲಿಲ್ಲ. ಫಲಿತಾಂಶ ಬರುವವರೆಗೆ ಆ ಹುಡುಗಿ ತಾನೇ ತಪ್ಪಿದೆ ಎಂದುಕೊಂಡು ತಿರುಗಿದ್ದಾಳೆ. ಆ ಸೊನ್ನೆಯನ್ನು ಮೌಲ್ಯಮಾಪಕರಿಗಿಂತ ಮೊದಲು ಹಾಕಿದವಳು ನಾನು.

ಈಗ ನಿಮ್ಮ ಸರದಿ.

ಇಪ್ಪತ್ಮೂರರ ಹುಡುಗಿ ಬಂಡೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಚಿಹ್ನೆ ತಪ್ಪಬಹುದು. ನೋಟ್‌ಬುಕ್ಕು ಇರುವುದೇ ಅದಕ್ಕೆ. ಐವತ್ತರ ಹತ್ತಿರದ ಪ್ರೊಫೆಸರು ಅದನ್ನು ಕಣ್ಣು ಮುಚ್ಚಿ ಎತ್ತಿ ನೂರಾರು ಮಕ್ಕಳ ಮುಂದೆ ಇಡುವ ಹಾಗಿಲ್ಲ. ನನ್ನ ಮೇಲಿನ ಗೌರವದಿಂದ ಬಿಡಿಸಿ ನೋಡಲಿಲ್ಲ ಎಂದಿರಿ. ಅಂಥ ಗೌರವ ನನಗೆ ಬೇಡ. ಅದರ ಹೊರೆ ಕಂಪ್ಲಿಯಲ್ಲಿ ಬಿದ್ದಿದೆ. ನೋಡಿಯೂ ಸುಮ್ಮನಿರೋಣ ಎನ್ನುತ್ತೀರಲ್ಲ, ಅದು ಯಾವ ಲೆಕ್ಕದ ತಪ್ಪು? ಆ ಹಾಳೆಯನ್ನು ನನಗೇಕೆ ಕಳಿಸಿದಿರಿ ಎಂಬುದೂ ನನಗೆ ತಿಳಿಯುತ್ತದೆ. ಗಂಗಾ ಎಂದು ಕರೆದು ಬಾಯಿಗೆ ಬಟ್ಟೆ ತುರುಕಿದಿರಿ.

ಇನ್ನು, ಪಾಠ ಹೇಳುತ್ತೀರಂತೆ. ಏನನ್ನು? ಎಪ್ಪತ್ತೊಂಬತ್ತು ಎಂದು ಬರೆಯುವುದನ್ನೇ? ಸರಿ ಉತ್ತರ ಬರೆದವಳಿಗೆ ತಪ್ಪು ಉತ್ತರ ಕಲಿಸಿ ಪಾಸು ಮಾಡಿಸುವ ಉಪಕಾರ ಕೇಳಿದ್ದು ಇದೇ ಮೊದಲು. ಒಂದು ವರ್ಷ ದೊಡ್ಡದಲ್ಲ ಎಂದಿರಿ. ಭೀಮವ್ವನ ಪಕ್ಕ ಕೂತು ಒಂದು ವರ್ಷ ಚೀಲ ಹೊಲಿದು ನೋಡಿ.

ನನ್ನ ಆ ಹಾಳೆಯನ್ನು ನಿನ್ನೆ ಪರೀಕ್ಷಾಂಗ ಕುಲಸಚಿವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. 'ತಪ್ಪಿನ ಮೂಲ ನಾನು, ಸರಿ ಉತ್ತರ ಇದು, ಹೊನ್ನೂರಮ್ಮ ಬರೆದದ್ದು ಇದನ್ನೇ' ಎಂದು ಬರೆದು ಸಹಿ ಮಾಡಿದ್ದೇನೆ. ನಿಮ್ಮ ಹೆಸರು ಬರೆದಿಲ್ಲ. ಬರೆಯುವುದು ನಿಮಗೆ ಬಿಟ್ಟದ್ದು.

ಗಂಗಾಂಬಿಕಾ


ಸಂಡೂರು
31 ಆಗಸ್ಟ್ 2024

ಗಂಗಾಂಬಿಕಾ ಮೇಡಂ ಅವರಿಗೆ,

ನೀವು ಕೇಳಿದ್ದು ಆಯಿತು. ನಿನ್ನೆ ತುರ್ತು ಸಭೆ ನಡೆಯಿತು. ನಿಮ್ಮ ನೋಟ್‌ಬುಕ್ಕಿನ ಹಾಳೆಯನ್ನು ಒಬ್ಬರು ಮತ್ತೊಬ್ಬರಿಗೆ ದಾಟಿಸಿ ನಕ್ಕರು. ಯಾವ ಕಾಲದ ಯಾರದೋ ಟಿಪ್ಪಣಿಗೂ ನಮ್ಮ ಪತ್ರಿಕೆಗೂ ಏನು ಸಂಬಂಧ ಎಂದರು. ನಾನು ಸುಮ್ಮನಿದ್ದೆ. ಆದರೆ ಲೆಕ್ಕದಲ್ಲಿ ದೋಷವಿದೆ ಎಂದು ಎದ್ದು ಹೇಳಿದವನು ನಾನೇ. ಅದು ನಡಾವಳಿಯಲ್ಲಿ 'ಮುದ್ರಣ ದೋಷ' ಎಂದು ದಾಖಲಾಗಿದೆ. ಆ ಪ್ರಶ್ನೆ ಮುಟ್ಟಿದ ಎಲ್ಲರಿಗೂ ಎಂಟು ಕೃಪಾಂಕ ಕೊಡಲು ತೀರ್ಮಾನವಾಗಿದೆ.

ನಿಮ್ಮ ಹುಡುಗಿ ಪಾಸು. ಹೊಸ ಅಂಕಪಟ್ಟಿ ನಾಲ್ಕನೆಯ ತಾರೀಖಿಗೆ ಸಿಗುತ್ತದೆ. ಐದಕ್ಕೆ ಸೀಟೂ ಸಿಗುತ್ತದೆ. ಯಾರ ಹೆಸರೂ ಕೆಡಲಿಲ್ಲ. ಈಗಲಾದರೂ ಸಮಾಧಾನವೇ?

ಸಿದ್ದಲಿಂಗೇಶ್


ಹೊಸಪೇಟೆ
9 ಸೆಪ್ಟೆಂಬರ್ 2024

ಸಿದ್ದಲಿಂಗೇಶ್ ಅವರಿಗೆ,

ಸೀಟು ಸಿಕ್ಕಿದೆ. ಭೀಮವ್ವ ಗಿರಣಿಯವರಿಗೆಲ್ಲ ಮಂಡಾಳು ಮಿರ್ಚಿ ತಿನ್ನಿಸಿದಳು. ನನಗೂ ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಸಮಾಧಾನ ಎಂದಿರಲ್ಲ, ಅದರ ವಿಷಯ ಹೇಳುತ್ತೇನೆ.

ಅಂಕಪಟ್ಟಿಯಲ್ಲಿ ಮೆಕ್ಯಾನಿಕ್ಸಿನ ಎದುರು ಒಂದು ನಕ್ಷತ್ರ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಕೃಪಾಂಕದಿಂದ ಉತ್ತೀರ್ಣ' ಎಂದಿದೆ. ಹೊನ್ನೂರಮ್ಮ ಅದನ್ನು ಓದಿ ನನ್ನ ಮುಂದಿಟ್ಟಳು. "ಇದ್ಯಾಕ್ರಿ ಮೇಡಂ?" ಎಂದಳು. ಎಪ್ಪತ್ತೊಂಬತ್ತು ಎಂದು ಬರೆದವರ ಪಟ್ಟಿಯಲ್ಲಿ ನಕ್ಷತ್ರ ಇಲ್ಲ. ಅವರಿಗೆ ಆ ಎಂಟು ಅಂಕ ಮೊದಲೇ ಬಿದ್ದಿತ್ತು. ತಪ್ಪು ಬರೆದವರದು ಸ್ವಂತ ಅಂಕ, ಸರಿ ಬರೆದವಳದು ನಿಮ್ಮ ಕೃಪೆ!

ಆರನೆಯ ತಾರೀಖು ಇಬ್ಬರೂ ವಿಶ್ವವಿದ್ಯಾಲಯಕ್ಕೆ ಹೋದೆವು. ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಮಾತಾಡಿದ್ದೆಲ್ಲ ಅವಳೇ. ನನ್ನನ್ನು ಹಿಂದೆ ನಿಲ್ಲಿಸಿದಳು.

ಗುಮಾಸ್ತ ಅಂಕಪಟ್ಟಿ ತಿರುವಿ ನೋಡಿದ. "ಪಾಸ್ ಐತಲ್ಲವಾ. ಮತ್ತೇನು ಬೇಕು?"

"ಸರಿ ಅಂತ ಬರದು ಕೊಡ್ರಿ."

"ಏನು ಸರಿ?"

"ನಂದು. ನಾ ಬರದಿದ್ದು ಸರಿ ಅಂತ."

ಆತ ಕೆಟ್ಟವನಲ್ಲ. ಕಂಪ್ಯೂಟರಿನಲ್ಲಿ ನಿಜವಾಗಿಯೂ ಹುಡುಕಿದ. ಪಕ್ಕದವರನ್ನು ಕೇಳಿದ. ಆಮೇಲೆ ಅಂಕಪಟ್ಟಿಯನ್ನು ಕಿಟಕಿಯಿಂದ ಹೊರಕ್ಕೆ ಸರಿಸಿದ.

"ಪಾಸು, ಫೇಲು, ಗೈರುಹಾಜರು ಅಂತೈತವ್ವ. ಸರಿ ಅಂಬೋದಕ್ಕ ಕಾಲಂ ಇಲ್ಲ. ಯಾರು ಪೇಪರ್ ತೆಗದಾರೋ ಅವರನ್ನ ಕೇಳು ಹೋಗು."

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕುಡಿತಿನಿ ದಾಟಿದ ಮೇಲೆ ಒಂದೇ ಮಾತು ಕೇಳಿದಳು: "ನಾಳೆ ನಾ ಈ ಲೆಕ್ಕ ಹುಡುಗರಿಗೆ ಹೇಳಿಕೊಟ್ರ, ಮೇಡಂ, ಗ್ರೇಸ್ ಮಾರ್ಕ್ಸಿನಾಕಿ ಏನ್ ಹೇಳ್ತಾಳ ಅಂದ್ರ?" ಯಾರೂ ಹಾಗೆ ಅನ್ನುವುದಿಲ್ಲ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ವರಾಂಡದಲ್ಲಿ ಒಮ್ಮೆ ಹೇಳಿದ್ದೇ ಸಾಕಾಗಿತ್ತು.

ಪತ್ರಿಕೆ ತೆಗೆದವರು ಯಾರೆಂದು ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ನೀವು ಮುದ್ರಣ ದೋಷದ ಹಿಂದೆ ಬಚ್ಚಿಟ್ಟುಕೊಂಡೇ ಅಧ್ಯಕ್ಷರಾಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಆ ಗುಮಾಸ್ತ ಸರಿಯಾದ ವಿಳಾಸ ಕೊಟ್ಟ. ಇಡೀ ವಿಶ್ವವಿದ್ಯಾಲಯದಲ್ಲಿ ಆ ಒಂದು ಮಾತು ಬರೆದುಕೊಡಬಲ್ಲವರು ಒಬ್ಬರೇ ಇದ್ದೀರಿ. ಅವಳ ವಿಳಾಸದ ಚೀಟಿ ಒಳಗಿಟ್ಟಿದ್ದೇನೆ.

ನನಗೆ ಉತ್ತರ ಬರೆಯುವುದು ಬೇಡ.

ಗಂಗಾಂಬಿಕಾ


ಸಂಡೂರು
23 ಸೆಪ್ಟೆಂಬರ್ 2024

ಇವರಿಗೆ:
ಹೊನ್ನೂರಮ್ಮ ಅವರು,
ತಾಯಿ ಭೀಮವ್ವ, ಕಂಪ್ಲಿ

ಮಾನ್ಯರೇ,

ಬಿಎಸ್ಸಿ ಆರನೆಯ ಸೆಮಿಸ್ಟರಿನ ಮೆಕ್ಯಾನಿಕ್ಸ್ ಪ್ರಶ್ನೆ ಪತ್ರಿಕೆಯನ್ನೂ ಅದರ ಮಾದರಿ ಉತ್ತರವನ್ನೂ ಸಿದ್ಧಪಡಿಸಿದವನು ನಾನು. ಅರ್ಧಗೋಳದ ಲೆಕ್ಕಕ್ಕೆ ನಾನು ಕೊಟ್ಟ ಉತ್ತರ ತಪ್ಪು. ಅದು ಮುದ್ರಣ ದೋಷವಲ್ಲ. ಕೂಡಿಸಬೇಕಾದಲ್ಲಿ ಕಳೆದಿದ್ದೇನೆ, ಬಿಡಿಸಿ ನೋಡಿರಲಿಲ್ಲ.

ನೆತ್ತಿಯಲ್ಲಿ ಗೋಳದ ಮೈ ಹಿಡಿದು ಬಾಗಲು ಕಣಕ್ಕೆ ಬೇಕಾದದ್ದು 14.4, ಗುರುತ್ವ ಕೊಡುವುದು 10. ಉಳಿದ 4.4ನ್ನು ಗೋಳ ಎಳೆದು ಕೊಡಲಾರದು. ಆದ್ದರಿಂದ ಕಣ ನೆತ್ತಿಯಲ್ಲೇ ಗೋಳವನ್ನು ಬಿಡುತ್ತದೆ. ನೀವು ಬರೆದದ್ದು ಸರಿ. ಎಂಟಕ್ಕೆ ಎಂಟು.

ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು. ಇದರ ಪ್ರತಿಯನ್ನು ಪರೀಕ್ಷಾಂಗ ಕುಲಸಚಿವರಿಗೂ ನಿಮ್ಮ ಕಾಲೇಜಿನ ಗಂಗಾಂಬಿಕಾ ಮೇಡಂ ಅವರಿಗೂ ಇದೇ ಅಂಚೆಯಲ್ಲಿ ಕಳಿಸಿದ್ದೇನೆ.

ಸಿದ್ದಲಿಂಗೇಶ್
ಭೌತಶಾಸ್ತ್ರ ಪ್ರಾಧ್ಯಾಪಕ